ಇಪ್ಪತ್ತೇಳನೆಯ ಕುರ್ಚಿ

ಗುನ್ಸಾನ್ ಬಂದರಿನ ಹಿಂದಿನ ಬೀದಿ, ಎರಡನೆಯ ಮಹಡಿ.
ಮೆಟ್ಟಿಲಿಗೆ ಮೀನಿನ ವಾಸನೆ, ಒಳಗೆ ನೂಡಲ್ಸಿನದು.
ನಲವತ್ತು ಕಂಪ್ಯೂಟರು, ರಾತ್ರಿಪಾಳಿಗೆ ನಾನೊಬ್ಬಳೇ.
ಹತ್ತು ಹೊಡೆದರೆ ಶಾಲೆಯ ಹುಡುಗರನ್ನು ಎಬ್ಬಿಸಿ ಕಳಿಸಬೇಕು,
ಕಾನೂನು. ಗೊಣಗುತ್ತಲೇ ಇಳಿಯುತ್ತಾರೆ.
ಕೊನೆಯವನ ಬೂಟು ಇನ್ನೂ ಮೆಟ್ಟಿಲ ಮೇಲಿರುವಾಗ
ಮಾನ್‌ಸಿಕ್ ಹತ್ತಿ ಬರುತ್ತಾನೆ,
ಬಸ್ಸಿನ ಕೀಲಿ ಬೆರಳಲ್ಲಿ ತಿರುಗಿಸುತ್ತ.

ನನಗಿಂತ ಐದು ವರ್ಷ ಚಿಕ್ಕವನು, ಐವತ್ತಾರು.
ಒಂದೇ ಗಂಟೆಯ ದುಡ್ಡು, ಅದೂ ಚಿಲ್ಲರೆಯಲ್ಲಿ.
ಇಪ್ಪತ್ತೇಳನೆಯ ಕುರ್ಚಿ,
ಎಡಗೈ ಇಡುವ ಹಲಗೆ ಮುರಿದದ್ದು. ಬೇರೆ ಕೊಟ್ಟರೆ ಒಲ್ಲ.
"ಹುಡುಗರು ಹೋದರಲ್ಲ, ಇನ್ನು ದೊಡ್ಡವರ ಆಟ" ಅನ್ನುತ್ತಾನೆ.
ನಾನು ಬಾಯಿ ಬಿಡುವುದಿಲ್ಲ.
ಆ ಹುಡುಗರು ಮನೆ ಸೇರಿ, ಕದವಿಕ್ಕಿ, ದೀಪ ಆರಿಸಿ
ಅದೇ ಯುದ್ಧಕ್ಕೆ ಇನ್ನೊಂದು ಬಾಗಿಲಿಂದ ನುಗ್ಗಿ ಆಗಿದೆ.

ತೆರೆ ಬೆಳಗುತ್ತದೆ. ಸೇನಾಪತಿಗೆ ಸ್ವಾಗತ, ಅನ್ನುತ್ತದೆ ಆಟ,
ಎಲ್ಲರಿಗೂ ಅನ್ನುವ ಅದೇ ದನಿಯಲ್ಲಿ.
ಬಾ ಅನ್ನಲು ಏನು ಖರ್ಚು?
ಮಣೆ ಹಾಕಿದೆಯೇ, ಅದನ್ನು ನೋಡಬೇಕು.

ಅವನು ಮೊದಲು ನದಿ ಹುಡುಕುತ್ತಾನೆ.
ದಂಡೆಗೆ ಸಾಲಾಗಿ ಮನೆ ಕಟ್ಟುತ್ತಾನೆ,
ನಡುವೆ ಬಸ್ಸು ತಿರುಗುವಷ್ಟು ಜಾಗ ಬಿಟ್ಟು.
ಆ ಲೋಕದಲ್ಲಿ ಬಸ್ಸೇ ಇಲ್ಲ.
ಆಳುಗಳು ಚಿನ್ನ ಹೊರುವುದನ್ನು ನೋಡುತ್ತ ಕೂರುತ್ತಾನೆ,
ಒಬ್ಬ ದಾರಿ ತಪ್ಪಿ ಬಂಡೆಗೆ ಮುಖ ಕೊಟ್ಟು ನಿಂತರೆ
ಬಿಡುವು ಮಾಡಿಕೊಂಡು ಅವನನ್ನು ತಿರುಗಿಸುತ್ತಾನೆ.
ನಾಲ್ಕನೆಯ ನಿಮಿಷಕ್ಕೆ ಶತ್ರು.
ಆರನೆಯದಕ್ಕೆ ಸೋತು ಸುಣ್ಣ.
ನದಿ ಮಾತ್ರ ಹರಿಯುತ್ತಿರುತ್ತದೆ.

ಒಮ್ಮೆ ಕೇಳಿದೆ, ಲೋಟ ಎತ್ತುವ ನೆವದಲ್ಲಿ:
"ಒದೆ ತಿನ್ನೋಕೂ ದುಡ್ಡು ಕೊಡ್ತೀಯಲ್ಲ?"
"ನನ್ನ ಬಸ್ಸಿಗೆ ಹದಿನೆಂಟು ನಿಲ್ದಾಣ," ಅಂದ,
"ಒಂದೂ ನಾನು ಹಾಕಿದ್ದಲ್ಲ."

ಮಾರ್ಚ್ ತಿಂಗಳ ಒಂದು ರಾತ್ರಿ ಎದುರಾಳಿ ತಟಕ್ಕನೆ ಸುಮ್ಮನಾದ.
ಊರಬಾಗಿಲ ತನಕ ಬಂದ ಕುದುರೆಗಳು
ಬಾಲ ಆಡಿಸುತ್ತ ನಿಂತವು.
ತೆರೆಯ ಮೂಲೆಯಲ್ಲಿ ಒಂದು ಸಾಲು: ಅಪ್ಪ ಬಂದ್ರು.
ಆಮೇಲೆ ಏನಿಲ್ಲ.
ಗಡಿಯಾರ ತೊಂಬತ್ತರಿಂದ ಇಳಿಯತೊಡಗಿತು.
ಆ ಕುದುರೆಗಳನ್ನು ಹೊಡೆಯಬಹುದಿತ್ತು. ಹೊಡೆಯಲಿಲ್ಲ.
ಮಾನ್‌ಸಿಕ್ ಆ ಬಿಡುವಿನಲ್ಲಿ ಒಂದು ಗಿರಣಿ ಕಟ್ಟಿದ.
ಸೊನ್ನೆ. ತುತ್ತೂರಿ. ಜಯ.

ಅವನ ಹೆಸರಿನ ಪಕ್ಕದ ತಗಡು ಕಂಚಾಯಿತು.
ನನಗೆ ಯಂತ್ರದ ಕಾಫಿ ಕೊಡಿಸಿದ, ಬೇಡವೆಂದರೂ.

ಗೆಲುವಿನ ಬಿಲ್ಲು ಮರುದಿನ ಬಂತು.
ಈಗ ಶತ್ರು ನಾಲ್ಕನೆಯ ನಿಮಿಷಕ್ಕಲ್ಲ, ಎರಡಕ್ಕೇ ಹಾಜರು.
ನದಿ ಸಿಗುವ ಮೊದಲೇ ಹೊಗೆ.
ಸರಿಸಮಾನರನ್ನು ಹುಡುಕಿಕೊಡುವ ಲೆಕ್ಕಕ್ಕೆ
ಯಾರದೋ ಅಪ್ಪ ಬಂದದ್ದು ಗೊತ್ತಿಲ್ಲ.
ಏಣಿ ಇಟ್ಟವರಿಗೆ
ಹತ್ತುವವರು ಕಾಣುತ್ತಾರೆ, ಬೀಳುವವರೂ ಕಾಣುತ್ತಾರೆ;
ನೆಲದ ಮೇಲೆ ಕಾಲು ಚಾಚಿ ಕೂತವನೊಬ್ಬ
ಕೂರಲಿಕ್ಕೇ ಬಂದದ್ದು ಎಂದರೆ ನಂಬುತ್ತಾರೆಯೇ?

ಹದಿಮೂರು ರಾತ್ರಿ ಹಿಡಿಯಿತು ಮತ್ತೆ ತಗಡಿಗೆ ಇಳಿಯಲು.
ಬೇಕೆಂದು ಸೋಲಲಿಲ್ಲ, ಅಷ್ಟು ಮರ್ಯಾದಸ್ಥ.
ತನ್ನ ಹಾಗೆ ಆಡಿದ, ಅಷ್ಟೇ ಸಾಕಾಯಿತು.

ನಿನ್ನೆ ಐದು ನಿಮಿಷದವರೆಗೂ ಯಾರೂ ಬರಲಿಲ್ಲ.
ಮನೆಗಳ ಸಾಲು ಬೆಟ್ಟ ತಲುಪಿತು.
ಕಡೆಗೆ ಕಾಡಿನ ಅಂಚಿಂದ ಮೂವರು ಬಿಲ್ಲಾಳುಗಳು
ದಾರಿ ಕೇಳುವವರಂತೆ ತಡವರಿಸುತ್ತ ಬಂದರು;
ಆ ಕಡೆ ಕೂತವನೂ ಕಲಿಯುತ್ತಿದ್ದನೋ, ನಿದ್ದೆಗಣ್ಣೋ.
"ಬಂದ, ಬಂದ!" ಎಂದ ಮಾನ್‌ಸಿಕ್,
ನೆಂಟರಿಗೆ ಎದುರು ಹೋಗುವವನ ಸಂಭ್ರಮದಲ್ಲಿ.

ಅವನು ಹೋದ ಮೇಲೆ
ಆ ಮುರಿದ ಹಲಗೆಗೆ ಟೇಪು ಸುತ್ತಿದೆ,
ನಾಲ್ಕು ಸುತ್ತು, ಬಿಗಿಯಾಗಿ.